ನಾಳೆಯೂ ಬರುವ ಗಿರಾಕಿ ಎಲ್ಲಿ ಕೂತಿದ್ದಾನೆ, ಅಲ್ಲಿ ಕೂರಿ

(ವಿದೇಶದಲ್ಲಿರುವ ಮಕ್ಕಳ ಮನೆಗೆ ಹೊರಟ ಅಪ್ಪ-ಅಮ್ಮಂದಿರೇ ಜಾಸ್ತಿ ಇದ್ದ ಮಂಗಳೂರಿನ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ಸರಿ ಮಾಡಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಮೊದಲೇ ಹೇಳಿಬಿಡುತ್ತೇನೆ, ನಾನು ಹೋಟೆಲಿನವನಲ್ಲ. ಗೇರುಬೀಜದ ವ್ಯಾಪಾರದವನು. ಆ ವ್ಯಾಪಾರವೇ ನನ್ನನ್ನು ವಿಯೆಟ್ನಾಂ, ಸಿಂಗಾಪುರ, ದುಬೈ, ಇಸ್ತಾಂಬುಲ್ ಅಂತ ಸುತ್ತಿಸಿದೆ. ಮಾತುಕತೆ ಮುಗಿದ ಮೇಲೆ ಹೊಟ್ಟೆ ಅಂತ ಒಂದು ಉಂಟಲ್ಲ, ಅದಕ್ಕೆ ದಾರಿ ಮಾಡಲೇಬೇಕು. ಹಾಗೆ ಗೊತ್ತಾದದ್ದನ್ನು ಇವತ್ತು ಹೇಳುತ್ತೇನೆ.

ಈ ವಿಷಯವನ್ನು ನಮ್ಮ ಕಡೆಯವರ ಎದುರು ಮಾತಾಡಲು ಸ್ವಲ್ಪ ಸಂಕೋಚವೇ. ಪರವೂರಿಗೆ ಹೋಗಿ ಅಲ್ಲಿನವರ ಹೊಟ್ಟೆ ತುಂಬಿಸಿದ ಜನ ನಾವು. ಇವತ್ತು ಎಂಟಿಆರ್ ಅಂತ ಎಲ್ಲರೂ ಹೇಳುವ ಹೋಟೆಲನ್ನು 1924ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದವರು ಕೋಟದ ಹತ್ತಿರದ ಪಾರಂಪಳ್ಳಿಯ ಮಯ್ಯ ಸಹೋದರರು. ಮುಂಬೈಯ ಮಾಟುಂಗಾ ಸ್ಟೇಷನ್ ಪಕ್ಕದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಅನ್ನು ಎ. ರಾಮ ನಾಯಕ್ ಶುರು ಮಾಡಿದ್ದು 1942ರಲ್ಲಿ. ಇವರೆಲ್ಲ ಯಾರನ್ನು ನಂಬಿ ಬಾಗಿಲು ತೆರೆದರು ಹೇಳಿ? ಪ್ರವಾಸಿಗಳನ್ನಲ್ಲ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಗುಮಾಸ್ತರು, ಮಿಲ್ಲಿನವರು, ಕಾಲೇಜು ಹುಡುಗರು. ಇವತ್ತು ಉಂಡವನು ನಾಳೆಯೂ ಬರಬೇಕು, ನಾಡಿದ್ದೂ ಬರಬೇಕು. ಸಾರು ಕೆಟ್ಟರೆ ಅವನು ಪಕ್ಕದ ಹೋಟೆಲಿಗೆ ಹೋಗುತ್ತಾನೆ, ಹೋದವನು ತನ್ನ ರೂಮಿನ ನಾಲ್ಕು ಜನರನ್ನೂ ಕರೆದುಕೊಂಡೇ ಹೋಗುತ್ತಾನೆ.

ನಾನು ಇವತ್ತು ಹೇಳುವುದಕ್ಕೆಲ್ಲ ಇದೊಂದೇ ಬೇರು. ನಾಳೆಯೂ ಬರುವ ಗಿರಾಕಿ ಇರುವ ಹೋಟೆಲು ಚೆನ್ನಾಗಿ ಅಡುಗೆ ಮಾಡಲೇಬೇಕು. ಇನ್ನೊಮ್ಮೆ ಬಾರದ ಗಿರಾಕಿಯನ್ನೇ ನಂಬಿದ ಹೋಟೆಲಿಗೆ ಅಂಥ ಗರಜೇ ಇಲ್ಲ. ಅದಕ್ಕೆ ಬೇಕಾದ್ದು ಒಳ್ಳೆಯ ಜಾಗ, ದೊಡ್ಡ ಬೋರ್ಡು, ಬಾಗಿಲಲ್ಲಿ ನಿಂತು "ಬನ್ನಿ ಸಾರ್, ಬನ್ನಿ" ಅಂತ ಕರೆಯಲು ಒಬ್ಬ ಹುಡುಗ, ಅಷ್ಟೇ.

ರೋಮಿನಲ್ಲಿ ಟ್ರೆವಿ ಕಾರಂಜಿಯ ಸುತ್ತಮುತ್ತ ನಡೆದು ನೋಡಿ. ಐದು ಭಾಷೆಯ ಮೆನು, ಪ್ರತಿ ತಿಂಡಿಗೂ ಬಣ್ಣ ಮಾಸಿದ ಫೋಟೋ, ಸಂಜೆ ಆರಕ್ಕೇ ರಾತ್ರಿಯೂಟ ತಯಾರು. ರೋಮಿನವರು ಆರು ಗಂಟೆಗೆ ರಾತ್ರಿಯೂಟ ಮಾಡುವುದೇ ಇಲ್ಲ ಮಾರಾಯ್ರೆ, ಎಂಟರ ಹೊತ್ತಿಗೆ ಕೂರುತ್ತಾರೆ. ಆರಕ್ಕೆ ಅಲ್ಲಿ ಉಣ್ಣುವವರು ಯಾರು ಅಂತ ನೀವೇ ಯೋಚಿಸಿ. ಅಲ್ಲಿಂದ ನಾಲ್ಕು ಬೀದಿ ಆಚೆ ಹೋದರೆ ಬಾಡಿಗೆ ಇಳಿಯುತ್ತದೆ, ಮೆನು ಚಿಕ್ಕದಾಗುತ್ತದೆ, ಕರೆಯುವ ಹುಡುಗನೂ ಇರುವುದಿಲ್ಲ.

ಹಾಗಂತ ಪ್ರವಾಸಿಗಳ ಬೀದಿಯಲ್ಲಿರುವುದೆಲ್ಲ ಕೆಟ್ಟದ್ದು ಅಂತ ತೀರ್ಮಾನ ಮಾಡಬೇಡಿ. ಉಡುಪಿಯ ರಥಬೀದಿಗಿಂತ ದೊಡ್ಡ ಯಾತ್ರಾಸ್ಥಳ ನಮಗೆ ಯಾವುದುಂಟು? ಅಲ್ಲೇ ಮಿತ್ರ ಸಮಾಜ ಅನ್ನುವ ಹೋಟೆಲೂ ಉಂಟು. ಮಠಕ್ಕೆ ಬಂದವರೂ ಅಲ್ಲಿ ಕೂರುತ್ತಾರೆ, ಊರಿನವರೂ ಗೋಳಿಬಜೆಗೆ ಅಂತ ಬಂದು ಕೂರುತ್ತಾರೆ. ಊರಿನವರು ಬರುವುದು ನಿಲ್ಲಿಸಿಲ್ಲ ಅನ್ನುವುದನ್ನು ನೋಡಿ. ಜಾಗ ಆಮೇಲಿನ ಮಾತು.

ಊರಿನವರು ಬರುತ್ತಾರೋ ಇಲ್ಲವೋ ಅಂತ ಹೊರಗಿನವರಿಗೆ ಗೊತ್ತಾಗುವುದು ಹೇಗೆ? ಮುಖ ನೋಡಿ ಹೇಳಲು ಆಗುವುದಿಲ್ಲ. ಹೊತ್ತು ನೋಡಿ ಹೇಳಬಹುದು.

ಹೋ ಚಿ ಮಿನ್ ನಗರದಲ್ಲಿ ಬೆಳಿಗ್ಗೆ ಹನ್ನೊಂದೂವರೆಗೆ ಬೀದಿಗೆ ಇಳಿಯಿರಿ. "ಕ್ವಾನ್ ಕೋಮ್" ಅಂತ ಬೋರ್ಡು ಕಾಣುತ್ತದೆ, ನಮ್ಮ ಮೀನೂಟದ ಹೋಟೆಲು ಅಂದುಕೊಳ್ಳಿ. ಮುಂದೆ ಗಾಜಿನ ಪೆಟ್ಟಿಗೆ. ಅದರೊಳಗೆ ಸ್ಟೀಲು ಟ್ರೇಗಳಲ್ಲಿ ಹುರಿದ ಮೀನು, ಬೆಲ್ಲದ ಬಣ್ಣದ ಗಸಿಯಲ್ಲಿ ಬೇಯಿಸಿದ ಮೀನು, ತೋಫು, ಮೊಟ್ಟೆ, ಸೊಪ್ಪಿನ ಪಲ್ಯ. ಭಾಷೆ ಬೇಡ, ಬೆರಳು ತೋರಿಸಿದರೆ ಸಾಕು. ತಟ್ಟೆಗೆ ಅನ್ನ ಬೀಳುತ್ತದೆ, ಅದರ ಮೇಲೆ ನೀವು ತೋರಿಸಿದ್ದು ಬೀಳುತ್ತದೆ, ಪಕ್ಕದಲ್ಲಿ ತೆಳ್ಳಗಿನ ಸೊಪ್ಪಿನ ಸೂಪು ಒಂದು ಬಟ್ಟಲು, ಹೆಚ್ಚಿನ ಕಡೆ ಐಸು ಹಾಕಿದ ತೆಳು ಚಹಾವೂ ಬರುತ್ತದೆ. ಕೂರಲು ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲು. ಗಂಟುನೋವು ಇರುವವರು ನೋಡಿಕೊಳ್ಳಿ, ಕೂತರೆ ಏಳುವುದು ಕಷ್ಟ. ಹನ್ನೆರಡಕ್ಕೆ ಬ್ಯಾಂಕಿನ ಹುಡುಗಿಯರು ಕುತ್ತಿಗೆಯ ಐಡಿ ಕಾರ್ಡು ತೆಗೆಯದೆ ಬಂದು ಕೂರುತ್ತಾರೆ. ಪಕ್ಕದಲ್ಲಿ ಗಾರೆ ಕೆಲಸದವರು ಹೆಲ್ಮೆಟ್ಟನ್ನು ನೆಲದ ಮೇಲಿಟ್ಟು ಉಣ್ಣುತ್ತಾರೆ. ಒಂದು ಗಂಟೆ ದಾಟಿತೋ, ಟ್ರೇಗಳ ತಳ ಕಾಣುತ್ತದೆ, ಅಂಗಡಿಯವಳು ಗಾಜು ಒರೆಸಲು ಶುರು ಮಾಡುತ್ತಾಳೆ. ಒಂದೂವರೆಗೆ ಹೋಗಿ "ಊಟ ಉಂಟಾ" ಅಂದರೆ ಉಳಿದದ್ದೇ ಗತಿ.

ಆ ಐಡಿ ಕಾರ್ಡುಗಳನ್ನು ನೋಡಿ ಅಂತ ನಾನು ಹೇಳುವುದು. ಒಂದೇ ಬಣ್ಣದ ಪಟ್ಟಿಯ ಕಾರ್ಡು ನಾಲ್ಕೈದು ಟೇಬಲಿನಲ್ಲಿ ಕಂಡರೆ ಅವರು ಹತ್ತಿರದ ಆಫೀಸಿನವರು, ವಾರಕ್ಕೆ ನಾಲ್ಕು ದಿನ ಇಲ್ಲೇ ಉಣ್ಣುವವರು. ಇದಕ್ಕಿಂತ ಒಳ್ಳೆಯ ಸರ್ಟಿಫಿಕೇಟ್ ಯಾವ ಆ್ಯಪ್ ಕೊಡುತ್ತದೆ ಹೇಳಿ.

ಇಸ್ತಾಂಬುಲ್‌ನಲ್ಲಿ ಇದೇ ಜಾತಿಯ ಹೋಟೆಲಿಗೆ "ಎಸ್ನಾಫ್ ಲೊಕಾಂತಸಿ" ಅನ್ನುತ್ತಾರೆ. ಅಂಗಡಿಯವರು, ಕುಶಲಕರ್ಮಿಗಳು ಮಧ್ಯಾಹ್ನ ಉಣ್ಣುವ ಜಾಗ. ಬಾಗಿಲ ಹತ್ತಿರವೇ ಬಿಸಿನೀರಿನ ಆವಿಯ ಮೇಲೆ ಟ್ರೇಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಬೀನ್ಸ್ ಕಾಳಿನ ಗಸಿ, ಬದನೆ, ಕುರಿಮಾಂಸ, ಅನ್ನ. ಮೊದಲು ನೋಡಿ, ತೋರಿಸಿ, ಆಮೇಲೆ ಕೂರುವುದು. ಗಾಲಾಟಾ ಗೋಪುರದ ಪಕ್ಕ ಕಿಟಕಿಯಲ್ಲಿ ಸಮುದ್ರ ಕಾಣುವ ಹೋಟೆಲುಗಳಿಗಿಂತ ಇಲ್ಲಿ ದುಡ್ಡೂ ಕಡಿಮೆ, ಅಡುಗೆಯೂ ಮನೆಯದರ ಹಾಗೆ. ಆದರೆ ಇವು ಮಧ್ಯಾಹ್ನದ ಹೋಟೆಲುಗಳು. ಸಂಜೆಗೆ ಹಲವು ಮುಚ್ಚಿರುತ್ತವೆ, ಭಾನುವಾರವೂ ಹಾಗೇ.

ಅದಕ್ಕೆ ನನ್ನ ಪದ್ಧತಿ ಏನೆಂದರೆ, ಪರದೇಶದಲ್ಲಿ ಮುಖ್ಯ ಊಟ ಮಧ್ಯಾಹ್ನದ್ದು. ದುಡಿಯುವವರು ಹೊರಗೆ ಉಣ್ಣುವುದು ಆಗಲೇ. ಸ್ಪೇನಿನಲ್ಲಿ ಮೆನು ದೆಲ್ ದಿಯಾ ಅಂತ ಉಂಟು, ಒಂದೇ ದರಕ್ಕೆ ಮೊದಲೊಂದು, ಆಮೇಲೊಂದು, ಬ್ರೆಡ್ಡು, ಕುಡಿಯಲು, ಕೊನೆಗೆ ಸಿಹಿಯೋ ಕಾಫಿಯೋ. ಎರಡು ಗಂಟೆಯ ಮೇಲೆ ಜನ ಬರುತ್ತಾರೆ. ರಾತ್ರಿಯೂಟ ಅಲ್ಲಿ ಒಂಬತ್ತಕ್ಕೆ, ಹತ್ತಕ್ಕೆ. ಎಂಟಕ್ಕೆ ಉಂಡು ಒಂಬತ್ತಕ್ಕೆ ಮಾತ್ರೆ ನುಂಗಿ ಮಲಗುವ ನಮಗೆ ಅದು ಹೊಂದುವುದಿಲ್ಲ, ಮಧ್ಯಾಹ್ನವೇ ಗಟ್ಟಿ ಮಾಡಿಕೊಳ್ಳಿ.

ಸಿಂಗಾಪುರ ಇಲ್ಲಿ ಕೂತವರಲ್ಲಿ ಹಲವರಿಗೆ ಗೊತ್ತು. ಅಲ್ಲಿನ ಹಾಕರ್ ಸೆಂಟರುಗಳ ಸಂಸ್ಕೃತಿಯನ್ನು 2020ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿಸಿತು. ಒಂದೇ ಮಾಡಿನಡಿ ಹತ್ತಾರು ಸಣ್ಣ ಅಂಗಡಿ, ಒಂದೊಂದರಲ್ಲೂ ಎರಡು ಮೂರೇ ಬಗೆ. ಅಮೋಯ್ ಸ್ಟ್ರೀಟಿನದ್ದು ಆಫೀಸುಗಳ ನಡುವೆ ಇದೆ. ವಾರದ ದಿನ ಮಧ್ಯಾಹ್ನ ಕಾಲಿಡಲು ಜಾಗವಿಲ್ಲ, ಶನಿವಾರ ಭಾನುವಾರ ಬೇಕಾದಷ್ಟು ಅಂಗಡಿ ಮುಚ್ಚಿರುತ್ತವೆ. ಅಲ್ಲಿ ಖಾಲಿ ಕುರ್ಚಿಯ ಎದುರು ಟಿಶ್ಯೂ ಪ್ಯಾಕೆಟ್ ಇಟ್ಟಿದ್ದರೆ ಯಾರೋ ಮರೆತು ಹೋದದ್ದಲ್ಲ, ಸೀಟು ಹಿಡಿದದ್ದು. ನಮ್ಮ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕುವ ಹಾಗೆ. ಉಂಡ ಟ್ರೇಯನ್ನು ನೀವೇ ಕೊಂಡುಹೋಗಿ ಇಡಬೇಕು, ಇಲ್ಲದಿದ್ದರೆ ದಂಡವೂ ಬೀಳಬಹುದು.

ಈಗ ಮೊಬೈಲಿನ ಮಾತು. ನಿಮ್ಮ ಮಕ್ಕಳು "ಅಪ್ಪಾ, ರೇಟಿಂಗ್ ನೋಡಿ ಹೋಗಿ" ಅನ್ನುತ್ತಾರೆ. 2017ರಲ್ಲಿ ಲಂಡನ್ನಿನ ಊಬಾ ಬಟ್ಲರ್ ಅನ್ನುವ ಪತ್ರಕರ್ತ ಏನು ಮಾಡಿದ ಗೊತ್ತಾ? ತಾನು ವಾಸವಿದ್ದ ಹಿತ್ತಲಿನ ಶೆಡ್ಡನ್ನೇ ರೆಸ್ಟೋರೆಂಟ್ ಅಂತ, ಜನ ಹೋಟೆಲುಗಳ ವಿಮರ್ಶೆ ಬರೆಯುವ ಟ್ರಿಪ್ ಅಡ್ವೈಸರ್‌ನಲ್ಲಿ ಹಾಕಿದ. ಶೇವಿಂಗ್ ಫೋಮಿನಂಥದ್ದನ್ನೆಲ್ಲ ಬಳಸಿ ತಿಂಡಿಯ ಹಾಗೆ ಕಾಣುವ ಫೋಟೋ ತೆಗೆದ. ಗೆಳೆಯರಿಂದ ಸುಳ್ಳು ವಿಮರ್ಶೆ ಬರೆಸಿದ. ಫೋನು ಮಾಡಿದವರಿಗೆಲ್ಲ "ಸೀಟು ಭರ್ತಿ" ಅಂದ. ಕೆಲವೇ ತಿಂಗಳಲ್ಲಿ ಆ ಶೆಡ್ಡು ಇಡೀ ಲಂಡನ್ನಿನಲ್ಲಿ ಒಂದನೇ ನಂಬರಿಗೆ ಬಂತು. ಒಂದು ತುತ್ತು ಬಡಿಸದೆ! ಕೊನೆಗೆ ಒಂದು ರಾತ್ರಿ ನಿಜವಾಗಿ ಜನರನ್ನು ಕರೆದು, ಮೈಕ್ರೋವೇವಿನಲ್ಲಿ ಬಿಸಿ ಮಾಡಿದ ರೆಡಿಮೇಡ್ ಊಟ ಕೊಟ್ಟ. ಅದನ್ನೂ ಕೆಲವರು ಹೊಗಳಿದರು.

ಹಾಗಾದರೆ ಮೊಬೈಲು ಬೇಡವಾ? ಬೇಕು, ಆದರೆ ನಕ್ಷತ್ರ ಎಣಿಸಲು ಅಲ್ಲ. ಗೂಗಲ್ ಮ್ಯಾಪಿನಲ್ಲಿ ಹೋಟೆಲಿನ ಹೆಸರು ಒತ್ತಿದರೆ ಕೆಳಗೆ ಯಾವ ದಿನ, ಯಾವ ಗಂಟೆಗೆ ಎಷ್ಟು ಜನ ಅಂತ ಪಟ್ಟಿಪಟ್ಟಿಯಾಗಿ ತೋರಿಸುತ್ತದೆ. ಅದನ್ನು ಯಾರೂ ಸರಿಯಾಗಿ ನೋಡುವುದಿಲ್ಲ. ಸೋಮವಾರ, ಮಂಗಳವಾರ ಮಧ್ಯಾಹ್ನ ಪಟ್ಟಿ ಎತ್ತರಕ್ಕೆ ಹೋಗಿದ್ದರೆ ಅಲ್ಲಿ ನಿತ್ಯದ ಗಿರಾಕಿ ಇದ್ದಾನೆ. ಶನಿವಾರ ರಾತ್ರಿ ಮಾತ್ರ ಏರಿದ್ದರೆ ಅದು ಸುಮ್ನೆ ತಿರುಗಾಡಲು ಬಂದವರ ಜಾಗ. ವಿಮರ್ಶೆಗಳಲ್ಲಿ ಹೊಸದನ್ನು ಮೊದಲು ತೆರೆಯಿರಿ, ಊರಿನ ಭಾಷೆಯಲ್ಲಿ ಬರೆದದ್ದನ್ನು ಅನುವಾದ ಮಾಡಿಸಿ ಓದಿ. ಇಂಗ್ಲಿಷಿನವರು "ಸರ್ವಿಸ್ ಚೆನ್ನಾಗಿದೆ, ಮಾಲೀಕ ನಗುತ್ತಾನೆ" ಅಂತ ಬರೆಯುತ್ತಾರೆ. ಊರಿನವನು "ಮೊದಲಿನ ಅಡುಗೆಯವನು ಬಿಟ್ಟು ಹೋದ ಮೇಲೆ ಸೂಪು ನೀರು" ಅಂತ ಬರೆಯುತ್ತಾನೆ. ನಮಗೆ ಬೇಕಾದ್ದು ಎರಡನೆಯದು.

ಇನ್ನೊಂದು. ದೇಶ ಬದಲಾದರೆ ಆ್ಯಪ್ ಕೂಡ ಬದಲಾಗಬೇಕು. ಜಪಾನಿನವರು ತಬೆಲಾಗ್ ನೋಡುತ್ತಾರೆ, ಕೊರಿಯಾದವರು ನೇವರ್ ಮ್ಯಾಪ್, ಚೀನಾದವರು ದಿಯಾನ್‌ಪಿಂಗ್. ತಬೆಲಾಗ್‌ನಲ್ಲಿ ಜನ ನಂಬರು ಕೊಡುವುದರಲ್ಲಿ ಬಹಳ ಜಿಪುಣರು. ಅಲ್ಲಿ 3.5 ದಾಟಿದರೆ ಒಳ್ಳೆಯ ಹೋಟೆಲು ಅಂತಲೇ ಲೆಕ್ಕ. ನಮ್ಮ ಅಭ್ಯಾಸದಲ್ಲಿ 4.2ಕ್ಕಿಂತ ಕಡಿಮೆ ಬೇಡ ಅಂತ ಕೂತರೆ ಟೋಕಿಯೋದಲ್ಲಿ ಉಪವಾಸವೇ.

ಮಿಶೆಲಿನ್ ನಕ್ಷತ್ರದ ಬಗ್ಗೆ ಕೇಳುವವರಿದ್ದಾರೆ. ಅದು ಒಳ್ಳೆಯ ಹೋಟೆಲುಗಳಿಗೆ ನಕ್ಷತ್ರ ಕೊಡುವ ಟಯರ್ ಕಂಪನಿಯ ಪುಸ್ತಕ, 1900ರಲ್ಲಿ ಫ್ರಾನ್ಸಿನಲ್ಲಿ ಶುರುವಾದದ್ದು, ಜನ ಕಾರು ಓಡಿಸಲಿ, ಟಯರು ಸವೆಯಲಿ ಅಂತ. ನಕ್ಷತ್ರದ ಹೋಟೆಲು ನಮ್ಮ ಬಜೆಟ್ಟಿಗೆ ದೂರ. ಆದರೆ ಅದೇ ಪುಸ್ತಕದಲ್ಲಿ ಬಿಬ್ ಗೂರ್ಮಾಂಡ್ ಅಂತ ಇನ್ನೊಂದು ಪಟ್ಟಿ ಇರುತ್ತದೆ, ಮಿತವಾದ ದರಕ್ಕೆ ಒಳ್ಳೆಯ ಊಟ ಕೊಡುವವರದ್ದು. ಅದನ್ನು ನೋಡಬಹುದು.

ಯಂತ್ರಕ್ಕಿಂತ ಮನುಷ್ಯನನ್ನು ಕೇಳುವುದು ಲೇಸು, ಆದರೆ ಕೇಳುವ ರೀತಿ ಉಂಟು. ಲಾಡ್ಜಿನ ಕೌಂಟರಿನವನಿಗೆ "ಇಲ್ಲಿ ಒಳ್ಳೆಯ ಹೋಟೆಲ್ ಯಾವುದು" ಅಂದರೆ ಅವನು ನಿಮ್ಮ ಅಂಗಿ ನೋಡಿ, ನಿಮಗೆ ಯಾವುದು ಹಿಡಿಸೀತು ಅಂತ ಅಂದಾಜು ಮಾಡಿ ಹೇಳುತ್ತಾನೆ. ನಮ್ಮನೆಗೆ ಬಂದ ನೆಂಟರಿಗೆ ನಾವು ಎಸಿ ಹೋಟೆಲು ತೋರಿಸುವುದಿಲ್ವಾ, ನಾವು ಮಾತ್ರ ಬಂದರಿನ ಕಡೆ ಹೋಗಿ ಮೀನೂಟ ಮಾಡಿ ಬರುತ್ತೇವೆ! ಅವನಿಗೂ ಅದೇ ಬುದ್ಧಿ. ಅದಕ್ಕೆ ಪ್ರಶ್ನೆ ಬದಲಿಸಿ. "ನೀವು ನಿನ್ನೆ ಮಧ್ಯಾಹ್ನ ಎಲ್ಲಿ ಉಂಡಿರಿ?" ಕೌಂಟರಿನವನನ್ನೂ ಬಿಟ್ಟು ರೂಮು ಗುಡಿಸುವವಳನ್ನು ಕೇಳಿ, ಔಷಧಿ ಅಂಗಡಿಯವನನ್ನು ಕೇಳಿ. ಮೊದಲು ನಗುತ್ತಾರೆ, ಆಮೇಲೆ ನಿಜ ಹೇಳುತ್ತಾರೆ.

ದುಬೈಯಲ್ಲಿ ಟ್ಯಾಕ್ಸಿಯವರನ್ನು ಕೇಳಿದರೆ ಸಾಕು. ಅಲ್ಲಿ "ಲೋಕಲ್" ಅಂದರೆ ಏನು ಅನ್ನುವುದೇ ತಮಾಷೆ. ಜನರಲ್ಲಿ ಬಹುಪಾಲು ಹೊರಗಿನವರು. ಸತ್ವಾದಲ್ಲಿ 1978ರಿಂದ ಇರುವ ರಾವಿ ರೆಸ್ಟೋರೆಂಟ್ ಪಾಕಿಸ್ತಾನದವರ ಅಡುಗೆ, ಬೀದಿಬೀದಿಯ ಕೆಫೆಟೇರಿಯಾಗಳಲ್ಲಿ ಕಡಕ್ ಚಾ ಮಾಡುವವರು ನಮ್ಮ ಪಕ್ಕದ ಮಲಯಾಳಿಗಳು. ನನ್ನ ಮಟ್ಟಿಗೆ ಅದೇ ದುಬೈಯ ಲೋಕಲ್ ಊಟ. ಅರಬರ ಮನೆಯಡುಗೆಯೇ ಬೇಕು ಅನ್ನುವವರು ಮಚ್‌ಬೂಸ್, ಹರೀಸ್ ಅಂತ ಕೇಳಿ, ಮೊದಲನೆಯದು ಮಾಂಸವೋ ಮೀನೋ ಹಾಕಿದ ಮಸಾಲೆ ಅನ್ನ, ಎರಡನೆಯದು ಗೋಧಿ ಮಾಂಸದ ಗಂಜಿ.

ಮೆನು ಬಗ್ಗೆ ಒಂದೇ ಮಾತು. ಉದ್ದ ಮೆನು ಅಂದರೆ ದೊಡ್ಡ ಫ್ರಿಜ್ಜು. ಜುಲೈ ತಿಂಗಳಲ್ಲಿ ಯಾರಾದರೂ ಪರವೂರಿನವರು ಮಂಗಳೂರಿಗೆ ಬಂದು "ಈಗ ಹಿಡಿದ ಅಂಜಲ್ ಕೊಡಿ" ಅಂದರೆ ನಮಗೆ ನಗು ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಮಲ್ಪೆ, ಮಂಗಳೂರು ದಕ್ಕೆ ಬಿಟ್ಟು ಕದಲುವಂತಿಲ್ಲ. ಆಗಲೂ ಮೆನುವಿನಲ್ಲಿ ಎಲ್ಲ ಮೀನಿನ ಹೆಸರೂ ಇರುತ್ತದೆ. ಯಾವ ದೇಶಕ್ಕೆ ಹೋದರೂ ಅದೇ. ಪಟ್ಟಿ ಬಿಟ್ಟು "ಇವತ್ತು ಏನುಂಟು" ಅಂತ ಕೇಳಿ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದಿದ್ದರೆ ಅದನ್ನೇ ತೆಗೆದುಕೊಳ್ಳಿ.

ಸಸ್ಯಾಹಾರಿಗಳು ಇಷ್ಟು ಹೊತ್ತು ಸಹಿಸಿಕೊಂಡು ಕೂತಿದ್ದೀರಿ. ನಿಮ್ಮ ಕಷ್ಟ ಬೇರೆ. ಮಾಂಸ ಕಣ್ಣಿಗೆ ಕಾಣುತ್ತದೆ, ಬಿಡಬಹುದು. ಕಾಣದೇ ಇರುವುದು ಉಂಟು. ಥಾಯ್ಲೆಂಡ್, ವಿಯೆಟ್ನಾಂನಲ್ಲಿ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. ಮಲೇಷ್ಯಾದಲ್ಲಿ ಸಿಗಡಿ ಅರೆದ ಮುದ್ದೆ. ಜಪಾನಿನಲ್ಲಿ ದಾಶಿ ಅನ್ನುವ ತಿಳಿಸಾರು ಹೆಚ್ಚಾಗಿ ಒಣಮೀನಿನದ್ದು, ತರಕಾರಿ ಬೇಯಿಸುವುದೂ ಅದರಲ್ಲೇ. ಇಟಲಿಯ ಪಾರ್ಮೆಸಾನ್ ಚೀಸಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯ ಅಂಶ ಹಾಕುತ್ತಾರೆ. "ನೋ ಮೀಟ್" ಅಂದರೆ ಇದ್ಯಾವುದೂ ಅವರ ಲೆಕ್ಕಕ್ಕೆ ಬರುವುದಿಲ್ಲ, ಅವರು ಮೋಸ ಮಾಡುತ್ತಿದ್ದಾರೆ ಅಂತಲ್ಲ.

ಆದರೆ ಬೌದ್ಧರಿರುವ ಕಡೆ ನಮಗೊಂದು ದೊಡ್ಡ ಅನುಕೂಲ ಉಂಟು. ಥಾಯ್ಲೆಂಡಿನಲ್ಲಿ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಬರೆದ ಅಂಗಡಿ ಕಂಡರೆ ಅದು "ಜೇ" ಊಟ. ಮೀನಿಲ್ಲ, ಮೊಟ್ಟೆಯಿಲ್ಲ, ಹಾಲೂ ಇಲ್ಲ. ಅಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ! ಮಠದ ಊಟದ ಕ್ರಮದವರು ಉಡುಪಿಯಿಂದ ಬ್ಯಾಂಕಾಕಿಗೆ ಹೋಗಿ ಅಲ್ಲಿ ನೆಮ್ಮದಿಯಾಗಿ ಕೂರಬಹುದು. ತೈವಾನಿನಲ್ಲಿ ಸಸ್ಯಾಹಾರಿ ಹೋಟೆಲುಗಳ ಬೋರ್ಡಿನಲ್ಲಿ ಎಷ್ಟೋ ಕಡೆ ಸ್ವಸ್ತಿಕದಂಥ ಗುರುತು ಇರುತ್ತದೆ. ವಿಯೆಟ್ನಾಂನಲ್ಲಿ "ಚಾಯ್" ಅಂತ ಬೋರ್ಡು ನೋಡಿ. ಅಲ್ಲಿ ಚಾಂದ್ರಮಾನದ ಒಂದನೇ ಮತ್ತು ಹದಿನೈದನೇ ದಿನ, ಅಂದರೆ ನಮ್ಮ ಅಮಾವಾಸ್ಯೆ ಹುಣ್ಣಿಮೆಯ ಹೊತ್ತಿಗೆ, ಬೇರೆ ದಿನ ಮಾಂಸ ತಿನ್ನುವವರೂ ಸಸ್ಯಾಹಾರ ಮಾಡುತ್ತಾರೆ. ಆವತ್ತು ಚಾಯ್ ಹೋಟೆಲಿನಲ್ಲಿ ಅಡುಗೆಯೂ ಜಾಸ್ತಿ, ಜನವೂ ಜಾಸ್ತಿ. ಕ್ಯಾಲೆಂಡರ್ ನೋಡಿಕೊಂಡು ಟಿಕೆಟ್ ಮಾಡಿ ಅನ್ನುವುದಿಲ್ಲ, ಆದರೂ ನೋಡಿ.

ಉಳಿದ ಕಡೆ "ಮೀನು, ಮೀನಿನ ಸಾಸ್, ಸಿಗಡಿ, ಮಾಂಸದ ಸೂಪು ಯಾವುದೂ ಬೇಡ, ಮೊಟ್ಟೆ, ಹಾಲು ಆಗುತ್ತದೆ" ಅಂತ ಆ ಊರಿನ ಭಾಷೆಯಲ್ಲಿ ಮಕ್ಕಳ ಹತ್ತಿರ ಬರೆಸಿ ಮೊಬೈಲಿನಲ್ಲಿ ಫೋಟೋ ಇಟ್ಟುಕೊಳ್ಳಿ. ತೋರಿಸುವುದು ಜನ ಕಡಿಮೆ ಇರುವ ಹೊತ್ತಿನಲ್ಲಿ. ಹನ್ನೆರಡೂವರೆಯ ನೂಕುನುಗ್ಗಲಿನಲ್ಲಿ ಯಾವ ಅಡುಗೆಯವನೂ ಓದುವುದಿಲ್ಲ.

ಬಿಲ್ಲು ನೋಡಿ ಗಾಬರಿಯಾಗಬೇಡಿ ಅಂತಲೂ ಹೇಳಬೇಕು. ಇಟಲಿಯ ಹಲವು ಕಡೆ ಕೂತದ್ದಕ್ಕೇ ಕೊಪೆರ್ತೋ ಅಂತ ತಲೆಗಿಷ್ಟು ಹಾಕುತ್ತಾರೆ. ಕಾಫಿಯನ್ನು ನಿಂತು ಕುಡಿದರೆ ಒಂದು ದರ, ಕೂತರೆ ಇನ್ನೊಂದು. ಜಪಾನಿನಲ್ಲಿ ಟಿಪ್ಸ್ ಇಟ್ಟು ಬಂದರೆ ದುಡ್ಡು ಮರೆತಿರಿ ಅಂತ ಹಿಂದೆಯೇ ಓಡಿ ಬರುತ್ತಾರೆ. ಅಮೆರಿಕದಲ್ಲಿ ಕೊಡದೆ ಬಂದರೆ ಅದೂ ಸರಿಯಲ್ಲ, ಬಿಲ್ಲಿನ ಐದರಲ್ಲಿ ಒಂದು ಪಾಲು ಅಂತ ಮನಸ್ಸಿನಲ್ಲಿ ಇಟ್ಟುಕೊಂಡೇ ಕೂರಿ.

ಇನ್ನು ಪ್ರಶ್ನೆಗಳು.

"ಬೀದಿ ಬದಿಯಲ್ಲಿ ತಿಂದು ಹೊಟ್ಟೆ ಕೆಟ್ಟರೆ?" ಅಂತ ನಿವೃತ್ತ ಮಾಸ್ಟ್ರೊಬ್ಬರು ಕೇಳಿದರು. ಕುದಿಯುವುದನ್ನು, ಕಣ್ಣೆದುರು ಕರಿದದ್ದನ್ನು ತಿನ್ನಿ, ಹೆಚ್ಚಿಟ್ಟ ಹಣ್ಣು ಬೇಡ ಅಂದೆ. ಜನ ಸಾಲು ನಿಂತ ಅಂಗಡಿಯಲ್ಲಿ ಸಾಮಾನು ಬೇಗ ಖಾಲಿಯಾಗುತ್ತದೆ, ಹಳಸಲು ಹೊತ್ತೇ ಸಿಗುವುದಿಲ್ಲ. ಬ್ರಿಟನ್ನಿನಲ್ಲಿ ಹೋಟೆಲಿನ ಬಾಗಿಲಿಗೆ ಸ್ವಚ್ಛತೆಯ ನಂಬರು ಅಂಟಿಸಿರುತ್ತಾರೆ, ಸೊನ್ನೆಯಿಂದ ಐದರವರೆಗೆ. ನ್ಯೂಯಾರ್ಕಿನಲ್ಲಿ 2010ರಿಂದ ಎ, ಬಿ, ಸಿ ಅಂತ ಅಕ್ಷರ ಹಾಕುತ್ತಾರೆ. ಇದಕ್ಕೆಲ್ಲ ಮೊದಲು ನಮ್ಮ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋದದ್ದೇ ಅಲ್ಲಿನ ಹೋಟೆಲು ಹೇಗೆ ನಡೆಯುತ್ತದೆ ಅಂತ ನೋಡಲು, ಬಂದ ಮೇಲೆ ಎಂಟಿಆರಿನಲ್ಲಿ ಸ್ವಚ್ಛತೆಯ ಕ್ರಮವನ್ನೇ ಬದಲಿಸಿದರು. ನಾವು ಐಫೆಲ್ ಗೋಪುರ ನೋಡಲು ಹೋಗುತ್ತೇವೆ, ಅವರು ಪಾತ್ರೆ ತೊಳೆಯುವುದನ್ನು ನೋಡಿ ಬಂದರು.

"ರೀಲ್ಸ್‌ನಲ್ಲಿ ಬರುವ ಜಾಗಗಳು?" ಅಂತ ಒಬ್ಬ ಹುಡುಗ. ಆ ಸಾಲಿನಲ್ಲಿ ನಿಂತವರ ಕೈ ನೋಡು ಮಾರಾಯ ಅಂದೆ. ಎಲ್ಲರ ಕೈಯಲ್ಲೂ ಮೊಬೈಲು ಮೇಲಕ್ಕೆ ಎತ್ತಿಕೊಂಡಿದ್ದರೆ ಬೇರೆ ಸಾಲು ಹುಡುಕು.

ಕೊನೆಗೆ ಎದುರು ಸಾಲಿನ ಅಮ್ಮ ಒಬ್ಬರು ಎದ್ದರು. "ನೀವು ಹೇಳಿದ್ದೆಲ್ಲ ಸರಿ. ನಮ್ಮ ಯಜಮಾನರಿಗೆ ಮೂರನೇ ದಿನಕ್ಕೆ ಅನ್ನ ಸಾರು ಆಗಲೇಬೇಕು. ಆಗ ಏನು ಮಾಡುವುದು?" ಪಕ್ಕದಲ್ಲಿ ಕೂತ ಯಜಮಾನರು ನೆಲ ನೋಡುತ್ತಿದ್ದರು.

ಅದರಲ್ಲಿ ಮುಜುಗರ ಏನೂ ಇಲ್ಲಮ್ಮ, ಹೋಗಿ ಉಣ್ಣಿ ಅಂದೆ. ಆದರೆ ನಮ್ಮವರ ಹೋಟೆಲನ್ನು ಆರಿಸುವಾಗಲೂ ಇದೇ ಲೆಕ್ಕ ಹಿಡಿಯಿರಿ. ದೊಡ್ಡ ಮಾಲಿನೊಳಗೆ ದೋಸೆ, ಬಟರ್ ಚಿಕನ್, ನೂಡಲ್ಸ್ ಮೂರನ್ನೂ ಮಾಡುವವರ ಹತ್ತಿರ ಹೋಗಬೇಡಿ. ನಿಮ್ಮ ಮಗ ಸಿಂಗಾಪುರದಲ್ಲಿ ಅಂದಿರಲ್ಲ, ಸೆರಂಗೂನ್ ರಸ್ತೆಗೆ ಹೋಗಿ. ಕೋಮಳ ವಿಲಾಸ್ 1947ರಿಂದ ಅಲ್ಲೇ ಉಂಟು. ಸ್ವಲ್ಪ ಈಚೆ ತೆಕ್ಕಾ ಸೆಂಟರಿನಲ್ಲೂ ಅನ್ನ ಸಾಂಬಾರು ಸಿಗುತ್ತದೆ. ಭಾನುವಾರ ಸಂಜೆ ಮಾತ್ರ ಬೇಡ, ರಜೆ ಸಿಕ್ಕಿದ ನಮ್ಮ ಕೂಲಿಯವರೆಲ್ಲ ಆ ಬೀದಿಗೇ ಬರುತ್ತಾರೆ, ಯಜಮಾನರು ಅನ್ನಕ್ಕೆ ಗಂಟೆಗಟ್ಟಲೆ ಕಾಯಬೇಕಾದೀತು.